ತುಂಗಕ್ಕನ ತಟ್ಟೆ

ಹೊಳೆದಂಡೆಯ ಒಂದು ಆಶ್ರಮದಲ್ಲಿ ಮರುಳಯ್ಯಜ್ಜ ಅಂತ ಹಾಡು ಹೇಳಿಕೊಡುವವರಿದ್ದರು. ಅವರ ಶಿಷ್ಯೆ ಪಾರವ್ವ. ಒಳ್ಳೆಯ ಕಂಠ, ಕೈಗೆ ಮಾತ್ರ ಬಲು ಆತುರ.

ಅಜ್ಜನ ಗುರು ತುಂಗಕ್ಕ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಆಕೆಯ ಒಂದು ಪದ ಹಳೇ ಗ್ರಾಮಾಫೋನ್ ತಟ್ಟೆಯಲ್ಲಿ ಉಳಿದಿತ್ತು. ಅಂಥದ್ದು ಇನ್ನೊಂದು ಎಲ್ಲೂ ಇರಲಿಲ್ಲ.

ಪಾರವ್ವ ಆ ಪದ ಹಾಡಿ ಮುಗಿಸಿದಾಗಲೆಲ್ಲ ಅಜ್ಜ ತಟ್ಟೆ ಹಾಕುವರು.

"ಕೇಳು, ಇಲ್ಲಿ ನೀನು ಜಾರಿದೆ. ಹೇಳಿಕೊಡುವಾಗ ನಾನೂ ಜಾರಿದ್ದೆ."

ಆಮೇಲೆ ಮೆತ್ತನೆ ಬಟ್ಟೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತಟ್ಟೆಯ ಗೆರೆಗುಂಟ ಒರೆಸುವರು. ನಡುವಿನ ಕಾಗದಕ್ಕೆ ತೇವ ತಾಗಿಸುತ್ತಿರಲಿಲ್ಲ. ನೆರಳಲ್ಲಿ ಆರಿಸಿ, ಚೀಲಕ್ಕೆ ಹಾಕಿ, ಗೂಡಿನಲ್ಲಿ ನೆಟ್ಟಗೆ ನಿಲ್ಲಿಸುವರು.

"ಬರೀ ನೀರು ಯಾಕಜ್ಜಾ?"

"ತುಂಗಕ್ಕ ಹಾಗೇ ಮಾಡುತ್ತಿದ್ದರು."

ಒಂದು ಮಳೆಗಾಲ ತಟ್ಟೆಗೆ ಬೂಸಲು ಹಿಡಿಯಿತು. ಅಜ್ಜ ಸ್ನಾನಕ್ಕೆ ಹೋಗಿದ್ದರು. ಪಾರವ್ವ ಸ್ಟೌ ಹಚ್ಚುವ ಸ್ಪಿರಿಟ್ ತಂದಳು. ಲಾಟೀನಿನ ಗಾಜು ಅದರಲ್ಲಿ ಒರೆಸಿದರೆ ಫಳಫಳ ಅನ್ನುತ್ತಿತ್ತು. ಇದೂ ಹಾಗೇ ಹೊಳೆಯಲಿ, ಅಜ್ಜ ಬಂದು ನೋಡಲಿ ಅಂತ ಅವಳ ಆಸೆ.

ಬಟ್ಟೆ ಕಪ್ಪಾಯಿತು. ಎಷ್ಟು ಕೊಳೆಯಿತ್ತಪ್ಪಾ ಅಂದುಕೊಂಡು ಇನ್ನೂ ತಿಕ್ಕಿದಳು.

ಅಜ್ಜನಿಗೆ ಬಾಗಿಲಲ್ಲೇ ವಾಸನೆ ಬಡಿಯಿತು.

"ಏನು ಹಚ್ಚಿದೆ?"

"ಸ್ಪಿರಿಟ್."

"ಅದು ಅರಗಿನ ತಟ್ಟೆ ಮಗಳೇ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತೆ."

"ಮೊದಲೇ ಹೇಳಬಾರದಿತ್ತಾ ಅಜ್ಜಾ?"

"ನನಗೂ ಯಾರೂ ಹೇಳಿರಲಿಲ್ಲ. ಬಡಗಿ ಸ್ಪಿರಿಟ್‌ನಲ್ಲಿ ಅರಗು ಕರಗಿಸಿ ಮೆರುಗೆಣ್ಣೆ ಮಾಡುವುದನ್ನು ನೋಡಿ ತಿಳಿದುಕೊಂಡೆ. ನಿನಗೆ ಹೇಳಬೇಕು ಅನ್ನಿಸಲಿಲ್ಲ."

ತಟ್ಟೆ ಹಾಕಿ ಮುಳ್ಳು ಇಟ್ಟರು. ಕರಕರ ಅಂದಿತು. ಕೊನೆಯ ಗೆರೆವರೆಗೂ ಕರಕರ. ಅಜ್ಜ ಪೂರ್ತಿ ಕೇಳಿದರು.

"ಬೈದುಬಿಡಿ ಅಜ್ಜಾ."

"ಬೈದರೆ ಹಾಡುತ್ತಾರಾ ತುಂಗಕ್ಕ?"

ತಟ್ಟೆಯನ್ನು ಚೀಲಕ್ಕೆ ಹಾಕಿ, ಎಂದಿನಂತೆ ಗೂಡಿನಲ್ಲಿ ನಿಲ್ಲಿಸಿದರು.

"ಇನ್ನೂ ಯಾಕೆ ಅಷ್ಟು ಜೋಪಾನ?"

"ಮಲಗಿಸಿದರೆ ಸೊಟ್ಟಗಾಗುತ್ತೆ."

ಮರುದಿನ ಬೆಳಗ್ಗೆ ಪಾರವ್ವ ತಾನಾಗಿಯೇ ಬಂದು ಕೂತಳು. ಕಣ್ಣು ಊದಿಕೊಂಡಿದ್ದವು. ತಂಬೂರಿ ಹಿಡಿದು ಅದೇ ಪದ ಹಾಡಿದಳು. ಎಂದೂ ಅಷ್ಟು ಚೆನ್ನಾಗಿ ಹಾಡಿರಲಿಲ್ಲ.

"ಈಗ ಸರಿ ಬಂತಾ ಅಜ್ಜಾ?"

ಅಜ್ಜ ಗೂಡಿನ ಕಡೆ ನೋಡಿದರು.

"ನಿನ್ನೆ ಬೆಳಗ್ಗೆ ಕೇಳಿದ್ದರೆ ತಟ್ಟೆ ಹಾಕಿ ಹೇಳುತ್ತಿದ್ದೆ, ಮಗಳೇ."