ಎಳೆ ಕಾಯುವ ದೊಡ್ಡೀರಯ್ಯ

ಹುಣಸೇಮರದಿಂದ ಹೊರಟು ಆಕಾಶಕ್ಕೇ ಗೂಟ ಹೊಡೆದಂಥ ಬಲೆಯೊಂದಿತ್ತು. ನಂಬದವರು ಆ ಕಾಲಕ್ಕೆ ಹುಟ್ಟಿರಲಿಲ್ಲ, ಅಷ್ಟೇ. ಊರಿಗೆ ಊರೇ ಜೇಡಗಳು ಅದರಲ್ಲಿ ಒಟ್ಟಿಗೆ ಬಾಳುತ್ತಿದ್ದವು. ನಡುವೆ ಕೂತು ಬಲೆ ಕಾಯುವವನು ದೊಡ್ಡೀರಯ್ಯ. ಸುದ್ದಿ ಮುಟ್ಟಿಸಲು ಒಬ್ಬೊಬ್ಬರ ಮೂಲೆಯಿಂದಲೂ ಒಂದೊಂದು ಎಳೆ ಅವನ ಕಾಲಡಿಗೆ ಬರುತ್ತಿತ್ತು. ಬೇಟೆ ಬಿದ್ದರೆ, ಅಪಾಯ ಬಂದರೆ ಮಾತ್ರ ಎಳೆ ಅಲುಗಿಸಬೇಕು. ಹರಟೆಗೆ ಅಲುಗಿಸಿದವರ ಎಳೆ ಕಡಿಯುವುದು ಅವನ ಕಟ್ಟಳೆ. ಕಟ್ಟಳೆ ಒಳ್ಳೆಯದೇ. ಸುಳ್ಳು ಅಲುಗಾಟಕ್ಕೆ ಓಡಿ ಓಡಿ ಎಲ್ಲರ ಕಾಲೂ ಸೋತಿದ್ದವು.

ಮೂಲೆಯ ಚಿಕ್ಕತಾಯಿಯೂ ಅವಳ ತಂಗಿಯೂ ಹರಟಿ ಸಿಕ್ಕಿಬಿದ್ದರು. ದೊಡ್ಡೀರಯ್ಯ ಇಬ್ಬರ ಎಳೆಯನ್ನೂ ಕಡಿದ. ಆಹಾ, ಬಲೆ ಈಗೆಷ್ಟು ತಣ್ಣಗಿದೆ ಎಂದು ಮೀಸೆ ತಿರುವಿಕೊಂಡ.

ಮರುದಿನ ಚಿಕ್ಕತಾಯಿ ತೊಗಟೆಯ ಮೇಲೆ ಏದುಸಿರು ಬಿಡುತ್ತಾ ನಡೆದೇ ಬಂದಳು.

“ಅಯ್ಯಾ, ಕಣಜದ ಹುಳ ಬಂದದೆ! ನನ್ನ ತಂಗೀನ ಹೊತ್ಕೊಂಡು ಹೋಯ್ತು. ಬೇಗ ಎಲ್ಲರಿಗೂ ತಿಳಿಸು!”

“ಸುದ್ದಿ ಎಳೆಯ ಮೇಲೆ ಬರಬೇಕು ತಾಯಿ. ಬಾಯಲ್ಲಿ ಬಂದದ್ದನ್ನು ನಾನು ಕೇಳುವ ಹಾಗಿಲ್ಲ.”

“ಎಳೆ ಕಡಿದವನು ನೀನೇ ಅಲ್ಲವೇನೋ ಪುಣ್ಯಾತ್ಮ!”

“ಹಾಗಾದರೆ ತಪ್ಪೊಪ್ಪಿಕೋ. ಎಳೆ ಕಟ್ಟಿಕೊಡುತ್ತೇನೆ, ನಿನ್ನ ಮೂಲೆಗೆ ಹೋಗಿ ಅಲುಗಿಸು.”

“ತಪ್ಪಾಯ್ತಪ್ಪಾ, ಕಟ್ಟು!”

ದೊಡ್ಡೀರಯ್ಯ ತೊಗಟೆಗಿಳಿದು, ಕಟ್ಟಳೆಗೆ ತಕ್ಕಂತೆ ನಿಧಾನವಾಗಿ ಗಂಟು ಹಾಕತೊಡಗಿದ. ಕಣಜದ ಹುಳ ಮೇಲಿಂದ ಎರಗಿ, ಒಂದೆಳೆಯೂ ನಡುಗದಂತೆ ಮೊದಲು ಅವಳನ್ನು, ಆಮೇಲೆ ಅವನನ್ನು ಎತ್ತಿಕೊಂಡು ಹೋಯಿತು.

ಉಳಿದ ಜೇಡಗಳು ತಮ್ಮ ತಮ್ಮ ಎಳೆಯ ಮೇಲೆ ಕಾಲಿಟ್ಟು ಕೂತೇ ಇದ್ದವು. “ದೊಡ್ಡೀರಯ್ಯ ಇರುವಾಗ ನಮಗೇನು ಭಯ?” ಎಂದುಕೊಂಡು, ತಮ್ಮ ಸರದಿ ಬರುವ ತನಕ ಒಂದೂ ಕದಲಲಿಲ್ಲ.