ಕಡೇ ಎಲೆ

ಕಪಿಲೆಯ ದಡದ ಆ ಮಠದಲ್ಲಿ ಒಂದು ಕಟ್ಟಳೆ. ಅಡುಗೆ ಮಾಡಿದವರು ಊಟದ ಗಂಟೆ ಹೊಡೆಯೋ ಮುಂಚೆ ಪಂಕ್ತಿಯ ಕಡೇ ಎಲೆಯಲ್ಲಿ ಕೂತು ಉಣ್ಣಬೇಕು. ಒಲೆ ಪಕ್ಕದ ರುಚಿಯೇ ಬೇರೆ, ಅಡುಗೆ ಅಷ್ಟು ದೂರ ಹೋಗಿ ಮುಟ್ಟೋ ಹೊತ್ತಿಗೆ ಉಳಿಯೋ ರುಚಿಯೇ ಬೇರೆ.

ಶಿಷ್ಯ ಗುರುಮಲ್ಲ ಅಡುಗೆಮನೆ ಕಡೆ ಹೋದವನಲ್ಲ. ಅವನದು ಕಂಪ್ಯೂಟರಿನ ಕೆಲಸ.

ಒಂದು ಬೆಳಗ್ಗೆ ಗುರುವಿನ ಹತ್ತಿರ ಓಡಿಬಂದ.

"ಬುದ್ಧಿ, ದೇವೀರಮ್ಮನೋರಿಗೆ ಅಂತ ಮಾಡ್ತಿದ್ದ ಸಾಫ್ಟ್‌ವೇರ್ ಮುಗೀತು. ಒಂದು ಪದ ಕೊಟ್ಟರೆ ಸಾಕು, ಅದಿರೋ ಹಾಡನ್ನೆಲ್ಲ ಹುಡುಕಿಕೊಡುತ್ತೆ."

ಗುರು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. "ಎಲ್ಲಿ ಓಡಿಸಿ ನೋಡಿದೆ?"

"ನನ್ನ ಕಂಪ್ಯೂಟರಲ್ಲಿ. ನೀರು ಹರಿದಂಗೆ ಓಡ್ತು."

"ಕಡೇ ಎಲೆಯಲ್ಲಿ?"

ಬುದ್ಧಿಯೋರಿಗೆ ಯಾವಾಗಲೂ ಅಡುಗೆಯದೇ ಧ್ಯಾನ ಅಂದುಕೊಂಡ ಗುರುಮಲ್ಲ, ಒಳಗೊಳಗೇ ನಕ್ಕು ಹೊರಟ.

ಮಠದಲ್ಲೇ ಇದ್ದ ದೇವೀರಮ್ಮನಿಗೆ ಕಣ್ಣಿಲ್ಲ. ಬೀಸುಕಲ್ಲಿನ ಮುಂದೆ ಕಲಿತ ಹಾಡುಗಳನ್ನು ಮಠದ ಹಳೇ ಕಂಪ್ಯೂಟರಿನಲ್ಲಿ ತಾನೇ ಬರೆದಿಡುತ್ತಿದ್ದಳು. ಒತ್ತಿದ ಅಕ್ಷರವನ್ನೆಲ್ಲ ಯಂತ್ರ ಕೂಗಿ ಹೇಳುತ್ತಿತ್ತು. ಆ ದನಿಯ ಕೈ ಹಿಡಿದೇ ಆಕೆಯ ನಡಿಗೆ.

ಗುರುಮಲ್ಲನ ಸಾಫ್ಟ್‌ವೇರ್ ಅಲ್ಲಿ ಕದಲಲೇ ಇಲ್ಲ. ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ತೀರಾ ಹಳೇದು. ಆಕೆ ಹೊಳೆಗೆ ಹೋಗಿದ್ದ ಹೊತ್ತು ನೋಡಿ, ಹಾಡುಗಳನ್ನು ಜೋಪಾನವಾಗಿ ತೆಗೆದಿಟ್ಟುಕೊಂಡು, ಹಳೇದನ್ನು ಕಿತ್ತು ಹೊಸ ಸಿಸ್ಟಮ್ ಕೂರಿಸಿದ.

ದೇವೀರಮ್ಮ ಬಂದು ಕೂತಳು. ಒತ್ತಿದಳು. ಮತ್ತೆ ಒತ್ತಿದಳು.

"ಕರೆಂಟ್ ಹೋಯ್ತೇನೋ ಮಗ?"

"ಇಲ್ಲ ಕಣವ್ವ. ಹೊಸದು ಹಾಕಿದ್ದೀನಿ. ಫಳಫಳ ಹೊಳೀತಾ ಅದೆ."

"ಹೊಳೆಯೋದು ನಂಗೆ ಕೇಳಿಸಲ್ವಲ್ಲ ಮಗ."

ಹಾಡೊಂದು ಅರ್ಧಕ್ಕೆ ನಿಂತಿತ್ತು. ಆಕೆ ಕೈಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಗುರುಮಲ್ಲ ಗುರುವಿನ ಮುಂದೆ ಬಂದು ನಿಂತ.

"ನನ್ನ ತಪ್ಪಲ್ಲ ಬುದ್ಧಿ. ಆ ದನಿ ಸಾಫ್ಟ್‌ವೇರು ಹಳೇ ಸಿಸ್ಟಮ್ಮಿಗೇ ಅಂತ ಮಾಡಿದ್ದು. ಹೊಸದಕ್ಕೆ ಹೊಂದಲ್ಲ. ಮಾಡಿದೋರೂ ಅದನ್ನ ಕೈಬಿಟ್ಟವ್ರೆ."

ಗುರು ಎದ್ದು ಬಂದರು. ಹೆಗಲ ಮೇಲಿನ ವಸ್ತ್ರ ತೆಗೆದು ಶಿಷ್ಯನ ಕಣ್ಣಿಗೆ ಕಟ್ಟಿ, ಆ ಕಂಪ್ಯೂಟರಿನ ಮುಂದೆಯೇ ಕೂರಿಸಿದರು.

"ಬರಿ."

ಒತ್ತಿದ. ಅಕ್ಷರ ಬಿತ್ತೋ ಇಲ್ಲವೋ ತಿಳಿಯಲಿಲ್ಲ. ಇನ್ನೊಂದು ಒತ್ತಿದ. ಅದೂ ಹಾಗೇ. ಊಟದ ಗಂಟೆ ಹೊಡೆಯಿತು. ಕರೆಯಲು ಯಾರೂ ಬರಲಿಲ್ಲ.

"ಬುದ್ಧಿ, ನಾನು ಎಲ್ಲಿದ್ದೀನೋ ಗೊತ್ತಾಗ್ತಿಲ್ಲ."

ಪಕ್ಕದಿಂದ ದೇವೀರಮ್ಮ ಹೇಳಿದಳು. "ಬುದ್ಧಿಯೋರು ಆವಾಗ್ಲೇ ಹೋದ್ರು ಕಣೋ. ಇಲ್ಲಿರೋಳು ನಾನೊಬ್ಬಳೇ."

ಗುರುಮಲ್ಲ ಕಟ್ಟು ಬಿಚ್ಚಿದ. ಹಳೇ ಸಿಸ್ಟಮ್ಮನ್ನೇ ಮರಳಿ ಕೂರಿಸಿದ. ದನಿ ಬಂತು. ಆಕೆ ಅರ್ಧಕ್ಕೆ ನಿಂತ ಹಾಡನ್ನು ಮತ್ತೆ ಎತ್ತಿಕೊಂಡಳು.

ಮಾರನೇ ದಿನ ಗುರುವಿನ ಹತ್ತಿರ ಹೋದ.

"ಬುದ್ಧಿ, ಸಾಫ್ಟ್‌ವೇರ್ ಬರೆಯೋಕೆ ನಾನು ಬಳಸೋ ಸಲಕರಣೆ ಒಂದೂ ಆ ಕಂಪ್ಯೂಟರಲ್ಲಿ ಕೂರಲ್ಲ. ಹಳೇ ಸಲಕರಣೆ ಹಿಡಿದು ಮೊದಲಿಂದ ಬರೀಬೇಕು. ಯಾವ ಕಾಲಕ್ಕೆ ಮುಗಿದೀತು?"

"ಆಕೆ ಎಲ್ಲಿಗೂ ಹೋಗಲ್ಲ."

ಕಪಿಲೆ ಬತ್ತಿ ಮತ್ತೆ ತುಂಬಿತು. ಗುರುಮಲ್ಲ ದೇವೀರಮ್ಮನ ಪಕ್ಕದಲ್ಲೇ ಕೂತು, ಆಕೆಯ ಕಂಪ್ಯೂಟರಿನಲ್ಲೇ ಬರೆದ. ಬರೆದದ್ದನ್ನು ಕಣ್ಣು ಕಟ್ಟಿಕೊಂಡು ಓಡಿಸಿ ನೋಡಿದ. ಎಡವಿದ. ಅಳಿಸಿದ. "ಇದೇನೋ, ನನಗಿಂತ ಕುರುಡಾದ್ಯಲ್ಲೋ" ಎಂದು ಆಕೆ ನಗುತ್ತಿದ್ದಳು.

ಕಡೆಗೊಂದು ದಿನ ಗುರುವಿನ ಬಳಿಗೆ ಬಂದ. ಈ ಸಲ ಓಡಿಬರಲಿಲ್ಲ.

"ಬುದ್ಧಿ, ನನ್ನ ಸಾಫ್ಟ್‌ವೇರ್ ಮುಗೀತಾ?"

ಗುರು ಬೇಳೆಯಿಂದ ತಲೆ ಎತ್ತಲಿಲ್ಲ.

"ನನ್ನ ಯಾಕಪ್ಪ ಕೇಳ್ತೀಯ? ಕಡೇ ಎಲೆಯಲ್ಲಿ ಕೂತೋರನ್ನ ಕೇಳು."