ಕಂದು ಸೀರೆಯ ಹರಕೆ

ಪೂಜ್ಯ ಮಾತೆ ಅಗತಮ್ಮನವರು ಬಂಡೆಹಟ್ಟಿಯಲ್ಲಿ ವಾಸವಾಗಿದ್ದ ಜಾಗವನ್ನು ಮಠ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಕಲ್ಲುಗಣಿಯವರು ಒಂದು ಕಾಲಕ್ಕೆ ಸುತ್ತಿಗೆ, ಹಗ್ಗ ತುಂಬಿಡುತ್ತಿದ್ದ ತಗಡಿನ ಶೆಡ್ಡು ಅದು. ಬೇಸಿಗೆಯಲ್ಲಿ ಕಾದು ಕಾವಲಿಯಾಗುತ್ತಿತ್ತು. ಒಳಗೆ ಒಂದಷ್ಟು ಮಂಚ, ಗೋಡೆಗೊಂದು ಶಿಲುಬೆ, ಮೂಲೆಯಲ್ಲಿ ಗಂಜಿಯ ಪಾತ್ರೆ. ಮಂಚದ ಮೇಲಿದ್ದವರೆಲ್ಲ ಕಲ್ಲು ಒಡೆದು ಒಡೆದು ಎದೆಗೆ ಧೂಳು ಕೂತವರು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಾಗ ಹೋಗಲು ಮನೆಯೇ ಇಲ್ಲದವರು. ಮಾತೆಯವರೂ ಇನ್ನಿಬ್ಬರು ಸನ್ಯಾಸಿನಿಯರೂ ಅವರ ಮಲ ಬಾಚಿ, ಮೈ ಒರೆಸಿ, ಕೊನೆಯುಸಿರಿನವರೆಗೆ ಕೈ ಹಿಡಿದು ಕೂರುತ್ತಿದ್ದರು. ಪವಾಡ ಬೇಡಿಕೊಂಡು ಬಂದವರಿಗೆ ಅಲ್ಲಿ ಸಿಗುತ್ತಿದ್ದುದು ಒಂದು ಲೋಟ ಗಂಜಿ, ಆಮೇಲೆ ಒಂದು ಪೊರಕೆ. ಕುಡಿದು ಎದ್ದು ಗುಡಿಸಬೇಕು, ಅಷ್ಟೇ.

ಅಂಥ ಜಾಗಕ್ಕೆ ಈಸ್ಟರ್ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಚೌರಮ್ಮ ತನ್ನ ಮಗಳು ರೊಸಾಲಿಯನ್ನು ಕರೆದುಕೊಂಡು ಬಂದಳು. ಮಗಳ ಮೈಮೇಲೆ ಕಂದು ಸೀರೆ. ತಲೆಯಲ್ಲಿ ಹೂವಿಲ್ಲ, ಕೈಯಲ್ಲಿ ಬಳೆಯಿಲ್ಲ. ಕಂಕುಳಲ್ಲಿ ಒಂದು ಬಟ್ಟೆಗಂಟು.

ಆ ಕಂದು ಸೀರೆಯ ಕಥೆ ಹೇಳಲೇಬೇಕು. ಬಂಡೆಹಟ್ಟಿಯ ಕ್ರೈಸ್ತರಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಲವಾದರೆ ಸಂತ ಅಂತೋಣಿಯವರಿಗೆ ಹರಕೆ ಹೊರುತ್ತಾರೆ. ಗುಣವಾದವರು ಒಂದು ವರ್ಷ ಆ ಸಂತರ ಉಡುಪಿನ ಕಂದು ಬಣ್ಣದ ಬಟ್ಟೆ ಉಟ್ಟು, ಆಮೇಲೆ ಅದನ್ನು ಬಡವರಿಗೆ ಕೊಟ್ಟುಬಿಡುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ನಮ್ಮ ಜನರ ಭಕ್ತಿಗೆ ಕೆಲವೊಮ್ಮೆ ಲಗಾಮು ಇರುವುದಿಲ್ಲ. ಚೌರಮ್ಮನ ಗಂಡ ಇನ್ನಾಸಪ್ಪ ಗಣಿಯಲ್ಲಿ ಕಲ್ಲು ಕೊರೆಯುವವನು. ಹೋದ ಮಳೆಗಾಲದಲ್ಲಿ ರಕ್ತ ಕೆಮ್ಮಿ ಹಾಸಿಗೆ ಹಿಡಿದ. ಡಾಕ್ಟರು ತಲೆಯಾಡಿಸಿದರು. ಚೌರಮ್ಮ ಗುಡಿಗೆ ಓಡಿ ಸಂತರ ಪಾದ ಹಿಡಿದಳು. ಕೊಡಲು ಒಡವೆಯಿಲ್ಲ, ಇದ್ದೊಂದು ಮೇಕೆ ಆಗಲೇ ಹಿಂದಿನ ಹರಕೆಗೆ ಹೋಗಿತ್ತು. ತನ್ನನ್ನೇ ಕೊಡೋಣವೆಂದರೆ ಮದುವೆಯಾದವಳನ್ನು ಯಾವ ಮಠ ಸೇರಿಸಿಕೊಳ್ಳುತ್ತದೆ? ಆಗ ಅವಳ ಬಾಯಿಗೆ ಬಂದಿದ್ದು ಮಗಳ ಹೆಸರು. ಇವರನ್ನು ಉಳಿಸು ಸ್ವಾಮಿ, ನನ್ನ ರೊಸಾಲಿಯನ್ನು ಜೀವನಪೂರ್ತಿ ನಿನಗೆ ಬಿಟ್ಟುಕೊಡುತ್ತೇನೆ ಎಂದಳು. ಮಗಳನ್ನು ಒಂದು ಮಾತು ಕೇಳಲಿಲ್ಲ.

ಇನ್ನಾಸಪ್ಪ ಎದ್ದು ಕೂತ. ಗಂಜಿ ಕುಡಿದ, ಗೋಡೆ ಹಿಡಿದು ಅಂಗಳದವರೆಗೆ ನಡೆದ. ಚೌರಮ್ಮ ಅಂದೇ ಮಗಳಿಗೆ ಕಂದು ಸೀರೆ ಉಡಿಸಿದಳು. ಪಕ್ಕದ ಊರಿನ ಬಡಗಿ ಜೋಜಪ್ಪನೊಂದಿಗೆ ರೊಸಾಲಿಗೆ ಮದುವೆಯ ಮಾತಾಗಿತ್ತು. ಆ ಮನೆಗೆ ಹೋಗಿ, ಹುಡುಗಿಗೆ ದೇವರ ಕರೆ ಬಂದಿದೆ ಎಂದು ಹೇಳಿ ಬಂದಳು. ಗಂಡನಿಗೂ ಹಾಗೇ ಹೇಳಿದಳು, ಗುಡಿಯ ಗುರುಗಳಿಗೂ ಹಾಗೇ ಹೇಳಿದಳು. ಊರೆಲ್ಲ ಎಂಥ ಪುಣ್ಯವಂತೆ ಎಂದು ಅವಳನ್ನು ಹೊಗಳಿತು. ರೊಸಾಲಿ ಮಾತ್ರ ಬಾಯಿಗೆ ಬೀಗ ಹಾಕಿದವಳಂತೆ ಇದ್ದುಬಿಟ್ಟಳು. ಒಲೆಯ ಮುಂದೆ ಕೂತು ಅವಳು ಕಣ್ಣೊರೆಸಿಕೊಳ್ಳುವುದನ್ನು ಚೌರಮ್ಮ ನೋಡಿದ್ದಳು. ಹೊಗೆ ಇರಬೇಕು ಎಂದುಕೊಂಡಳು. ನೋಡಬಾರದು ಎಂದು ಹೊರಟವರಿಗೆ ಹೊಗೆ ದೊಡ್ಡ ಉಪಕಾರಿ.

ಇವರು ಶೆಡ್ಡಿನೊಳಗೆ ಕಾಲಿಟ್ಟಾಗ ಮಾತೆಯವರು ಒಬ್ಬ ಮುದುಕನ ಬೆನ್ನಿನ ಹುಣ್ಣು ತೊಳೆಯುತ್ತಿದ್ದರು. ಚೌರಮ್ಮ ನೆಲಕ್ಕೆ ಹಣೆಯಿಟ್ಟು, ಮಗಳನ್ನು ಒಪ್ಪಿಸಲು ಬಂದಿದ್ದೇನೆ ಎಂದು ತಿಳಿಸಿದಳು. ಮಾತೆಯವರು ಹುಣ್ಣಿಗೆ ಬಟ್ಟೆ ಕಟ್ಟಿ ಮುಗಿಸಿ, ಕೈ ತೊಳೆದು, ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಏಕೆ ಬಂದೆ ಎಂದು ಕೇಳಿದರು.

ರೊಸಾಲಿ ಮೊದಲು ತಾಯಿಯ ಮುಖ ನೋಡಿದಳು. ಆಮೇಲೆ, "ನಾನು ಬರದಿದ್ರೆ ಅಪ್ಪ ಸತ್ತೋಗ್ತಾರಂತೆ" ಎಂದಳು.

ಶೆಡ್ಡಿನಲ್ಲಿ ಯಾರೋ ಕೆಮ್ಮುತ್ತಿದ್ದರು. ಮಾತೆಯವರು ಚೌರಮ್ಮನ ಕಡೆ ತಿರುಗಿದರು. ಚೌರಮ್ಮನಿಗೆ ಕೂರಲಾಗಲಿಲ್ಲ. ಹರಕೆಯ ಕಥೆಯನ್ನೆಲ್ಲ ತಾನೇ ಬಡಬಡಿಸಿದಳು. ಕೊಟ್ಟ ಮಾತಿಗೆ ತಪ್ಪಿದರೆ ದೇವರು ಬಿಡುತ್ತಾನೆಯೇ, ಬಡವಿಯ ಬಳಿ ಕೊಡಲು ಬೇರೆ ಏನಿತ್ತು ಎಂದು ಅತ್ತಳು.

"ಚೌರಮ್ಮ, ನಮ್ಮ ದೇವರು ನಮಗಾಗಿ ತನ್ನ ಮಗನನ್ನೇ ಕೊಟ್ಟವನು. ನಿನ್ನ ಮಗಳನ್ನು ಒತ್ತೆ ಇಟ್ಟುಕೊಂಡು ನಿನ್ನ ಗಂಡನಿಗೆ ಉಸಿರು ಕೊಡುವವನಲ್ಲ" ಎಂದರು ಮಾತೆಯವರು.

"ಹಂಗಾದ್ರೆ ಅವರು ಸಾಯಲ್ಲ ಅಂತ ಹೇಳಿ ತಾಯಿ. ಈಗಲೇ ಇವಳನ್ನ ಕರ್ಕೊಂಡು ಹೋಗ್ತೀನಿ."

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಒಂದು ಸಮಾಧಾನದ ಮಾತು ಆಡಿಬಿಡುತ್ತಿದ್ದರು. ಮಾತೆಯವರಿಗೆ ಸುಳ್ಳು ಬರುತ್ತಿರಲಿಲ್ಲ. ಗಣಿಯ ಕೇರಿಯ ಮನೆಮನೆಗೂ ಹೋಗಿ ಬರುವವರು ಅವರು, ಇನ್ನಾಸಪ್ಪನ ಕೆಮ್ಮನ್ನೂ ಕೇಳಿದ್ದರು.

"ಸಾಯುತ್ತಾನಮ್ಮ. ಹರಕೆ ಸಲ್ಲಿಸಿದರೂ ಸಾಯುತ್ತಾನೆ, ಬಿಟ್ಟರೂ ಸಾಯುತ್ತಾನೆ. ಆ ದಿನ ಈ ಮಗುವಿನ ಮೇಲೆ ಹೊರೆ ಹೊರಿಸಬೇಡ. ಗುರುಗಳ ಹತ್ತಿರ ಹೋಗಿ ನಿಜ ಹೇಳು, ಹರಕೆ ಬಿಡಿಸುತ್ತಾರೆ. ಆಮೇಲೆ ಏನೂ ಕೊಡದೆ ಪ್ರಾರ್ಥನೆ ಮಾಡುವುದನ್ನು ಕಲಿ."

ಚೌರಮ್ಮ ದಡಕ್ಕನೆ ಎದ್ದು ಮಗಳ ರೆಟ್ಟೆ ಹಿಡಿದು ಹೊರಟಳು. ದಾರಿಯುದ್ದಕ್ಕೂ ಬೈದಳು. ದೇವರ ಹೆಂಗಸಂತೆ, ಬಾಯಲ್ಲಿ ಒಂದು ಶುಭದ ಮಾತಿಲ್ಲ, ಹೆಣ ನೋಡಿ ನೋಡಿ ಎದೆ ಕಲ್ಲಾಗಿದೆ ಎಂದಳು. ಮನೆಗೆ ಬಂದರೆ ಇನ್ನಾಸಪ್ಪ ಜಗಲಿಯಲ್ಲಿ ಕೂತಿದ್ದ. ಮಗಳು ಮರಳಿ ಬಂದದ್ದನ್ನು ಕಂಡು ಅವನ ಮುಖ ಅರಳಿಬಿಟ್ಟಿತು. ಅವನಿಗೆ ಇಷ್ಟು ದಿನ ಮುಚ್ಚಿಟ್ಟದ್ದನ್ನು ರೊಸಾಲಿಯೇ ಹೇಳಿದಳು. ಅವನು ಹೆಂಡತಿಯನ್ನು ಬೈಯಲಿಲ್ಲ.

"ನನ್ನ ಕೇಳಿದ್ರೆ ಬೇಡ ಅಂತಿದ್ದೆ ಕಣೇ" ಎಂದ. ಆಮೇಲೆ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡ.

ಆ ಒಂದು ಮಾತು ಚೌರಮ್ಮನನ್ನು ಒಳಗೊಳಗೇ ತಿಂದಿತು. ಇಬ್ಬರಿಗಾಗಿ ಮಾಡಿದೆ ಎಂದುಕೊಂಡಿದ್ದಳು, ಇಬ್ಬರನ್ನೂ ಕೇಳಿರಲಿಲ್ಲ. ಕೊನೆಗೆ ಗುರುಗಳ ಬಳಿ ಹೋಗಿ ಪಾಪನಿವೇದನೆ ಮಾಡಿದಳು. ಒಲ್ಲದವರನ್ನು ಅರ್ಪಿಸಿದ್ದು ಹರಕೆಯೇ ಅಲ್ಲ, ಏನಾದರೂ ಬಂಧನವಿದ್ದರೆ ಅದನ್ನೂ ಬಿಡಿಸಿದ್ದೇನೆ ಎಂದು ಗುರುಗಳು ಹೇಳಿದರು. ಜೋಜಪ್ಪನ ಮನೆಯವರು ಒಳ್ಳೆಯವರು, ಹುಡುಗನೂ ಬೇರೆ ಕಡೆ ಮನಸ್ಸು ಮಾಡಿರಲಿಲ್ಲ. ಮದುವೆ ಮತ್ತೆ ಗೊತ್ತಾಯಿತು, ಜತೆಗೆ ಹರಕೆಯ ಕಥೆಯೂ ಊರಿಗೆಲ್ಲ ತಿಳಿಯಿತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯಲ್ಲಿ ವಧೂವರರ ಹೆಸರು ಓದಿ, ಅಡ್ಡಿ ಬಲ್ಲವರು ತಿಳಿಸಬೇಕು ಎಂದು ಕೇಳುವುದು ರೂಢಿ. ಮೊದಲ ಭಾನುವಾರ ಓದಿದರು. ಎರಡನೆಯ ಭಾನುವಾರ ಓದಿ ಪೂಜೆ ಮುಗಿಸಿ ಮನೆಗೆ ಬಂದರೆ, ಇನ್ನಾಸಪ್ಪ ರಕ್ತದ ಮಡುವಿನಲ್ಲಿ ಬಿದ್ದಿದ್ದ.

ಅಯ್ಯೋ, ಆ ವಾರವನ್ನು ಹೇಗೆ ಹೇಳಲಿ. ಅವನು ನೀರಿನಿಂದ ಎತ್ತಿ ಹಾಕಿದ ಮೀನಿನ ಹಾಗೆ ಉಸಿರಿಗೆ ಒದ್ದಾಡಿದ. ಮಾತೆಯವರು ತಾವಾಗಿ ಬಂದು ಅವನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಕೂತರು. ನೋಡಲು ಬಂದವರೆಲ್ಲ ಗುಸುಗುಸು ಮಾತಾಡಿದರು. ಇನ್ನಾಸಪ್ಪನ ಅಕ್ಕ ಮರ್ತಮ್ಮ ಗುಸುಗುಸು ಎನ್ನುವ ಜಾತಿಯವಳಲ್ಲ. ದೇವರ ಪಾಲನ್ನು ಕಿತ್ತುಕೊಂಡಿರಿ, ಈಗ ನನ್ನ ತಮ್ಮ ಅದರ ಸಾಲ ತೀರಿಸುತ್ತಿದ್ದಾನೆ ಎಂದು ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

ರೊಸಾಲಿ ಒಳಗೆ ಹೋದಳು. ಹೊರಗೆ ಬಂದಾಗ ಮೈಮೇಲೆ ಕಂದು ಸೀರೆಯಿತ್ತು. ತಂದೆಯ ಮಂಚದ ಬಳಿ ಮಂಡಿಯೂರಿ, ನನ್ನನ್ನು ತೆಗೆದುಕೋ ಸ್ವಾಮಿ, ಅಪ್ಪನನ್ನು ಬಿಡು ಎಂದು ಬಡಬಡಿಸತೊಡಗಿದಳು.

ಇದ್ದದ್ದನ್ನು ಇದ್ದಂತೆ ಹೇಳಬೇಕು. ಆ ಸೀರೆ ಕಂಡೊಡನೆ ಚೌರಮ್ಮನ ಎದೆಯಲ್ಲಿ ಆಸೆ ಚಿಗುರಿತು. ಹೋದ ಸಲ ಎದ್ದು ಕೂರಲಿಲ್ಲವೇ? ಸುಮ್ಮನಿದ್ದರೆ ಸಾಕಿತ್ತು, ಒಂದು ಮಾತೂ ಆಡಬೇಕಾಗಿರಲಿಲ್ಲ. ಅವಳು ಮಾತೆಯವರ ಕಡೆ ನೋಡಿದಳು. ಅವರು ಇವಳತ್ತ ತಿರುಗಲೇ ಇಲ್ಲ. ಒದ್ದೆ ಬಟ್ಟೆಯಿಂದ ಇನ್ನಾಸಪ್ಪನ ತುಟಿ ಒರೆಸುತ್ತಿದ್ದರು. ಅವನ ಕಣ್ಣು ಮಗಳ ಸೀರೆಯ ಮೇಲಿತ್ತು, ಮಾತಾಡಲು ಉಸಿರಿರಲಿಲ್ಲ, ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು.

ಚೌರಮ್ಮ ಮಗಳನ್ನು ಎಬ್ಬಿಸಿ ನಿಲ್ಲಿಸಿದಳು.

"ಒಳಗೆ ಹೋಗಿ ಅದನ್ನ ಬಿಚ್ಚಾಕು ಮಗ. ನಿಮ್ಮಪ್ಪ ಹೋಗ್ತಿರೋದು ಕಲ್ಲಿನ ಧೂಳಿಂದ. ನಿನ್ನಿಂದಲ್ಲ."

ಆಮೇಲೆ ಗಂಡನ ಪಾದದ ಬಳಿ ಕೂತು ಪ್ರಾರ್ಥನೆ ಮಾಡಿದಳು. ಹುಟ್ಟಿದಾಗಿನಿಂದ ಪ್ರಾರ್ಥನೆ ಮಾಡುತ್ತ ಬಂದವಳೇ ಅವಳು, ಆದರೆ ಯಾವ ಪ್ರಾರ್ಥನೆಯೂ 'ಇದು ಮಾಡು, ಅದು ಕೊಡುತ್ತೇನೆ' ಎನ್ನದೆ ಮುಗಿದಿರಲಿಲ್ಲ. ಅಂದು ಕೊಡುವ ಮಾತೇ ಬರಲಿಲ್ಲ. ಸ್ವಾಮಿ, ಇವರಿಗೆ ಭಯ ಆಗ್ತಿದೆ, ಕೈ ಹಿಡ್ಕೋ, ನಮ್ಮನ್ನೂ ಬಿಡಬೇಡ ಎಂದಷ್ಟೇ ಅಂದಳು. ಮತ್ತೆ ಮತ್ತೆ ಅದನ್ನೇ ಅಂದಳು. ಮಧ್ಯಾಹ್ನ ಗುಡಿಯ ಗಂಟೆ ಬಾರಿಸುವ ಹೊತ್ತಿಗೆ ಇನ್ನಾಸಪ್ಪನ ಉಸಿರು ನಿಂತಿತು. ಮಾತೆಯವರೇ ಅವನ ಕಣ್ಣು ಮುಚ್ಚಿದರು. ಚೌರಮ್ಮನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ನೀರು ಕಾಯಿಸಲು ಹೋದರು.

ಮಣ್ಣು ಮಾಡಿ ಬಂದ ಮೇಲೆ ಬಂಧುಗಳೆಲ್ಲ ಸೇರಿ ಮದುವೆಯನ್ನು ಕೈಬಿಡುವುದೇ ಲೇಸು ಎಂದರು. ಇಷ್ಟಾದ ಮೇಲೂ ದೇವರನ್ನು ಕೆಣಕುವುದುಂಟೇ ಎಂದಳು ಮರ್ತಮ್ಮ. ಚೌರಮ್ಮ ನೇರವಾಗಿ ಗುರುಗಳ ಬಳಿ ಹೋಗಿ, ಮದುವೆ ಸೂತಕ ಕಳೆದ ಮೇಲೆ ಆಗಲಿ, ಮೂರನೆಯ ಸಲ ಹೆಸರು ಓದುವುದು ಮಾತ್ರ ಈ ಭಾನುವಾರವೇ ಆಗಲಿ ಎಂದು ಕೇಳಿಕೊಂಡಳು.

ಭಾನುವಾರ ಗುಡಿ ತುಂಬಿತ್ತು. ಮಾತೆಯವರು ಬಂದಿರಲಿಲ್ಲ, ಶೆಡ್ಡಿನಲ್ಲಿ ಇನ್ನೊಬ್ಬನ ಉಸಿರು ಎಳೆಯುತ್ತಿತ್ತು. ಚೌರಮ್ಮ ಬಿಳಿ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ರೊಸಾಲಿ ತಲೆ ತಗ್ಗಿಸಿದ್ದಳು. ದಿವಂಗತ ಇನ್ನಾಸಪ್ಪನವರ ಮಗಳು ರೊಸಾಲಿ ಎಂದು ಗುರುಗಳು ಓದಿದರು. ಈ ವಿವಾಹಕ್ಕೆ ಅಡ್ಡಿ ಬಲ್ಲವರು ತಿಳಿಸಬೇಕು ಎಂದು ಓದಿ ನಿಲ್ಲಿಸಿದರು.

ಅಲ್ಲಿ ಯಾರೂ ಮಾತಾಡುವ ರೂಢಿಯಿಲ್ಲ. ಅಂದು ಮಾತ್ರ ಗುಡಿಗೆ ಗುಡಿಯೇ ತಿರುಗಿ ಚೌರಮ್ಮನನ್ನು ನೋಡಿತು.

ಅವಳು ಎದ್ದು ನಿಂತಳು. ಮುಂದಿನ ಕಟಕಟೆಯನ್ನು ಹಿಡಿದುಕೊಂಡಳು.

"ಅಡ್ಡಿ ಏನೂ ಇಲ್ಲ ಸ್ವಾಮಿ. ದೇವರ ಕಡೆಯಿಂದಲೂ ಇಲ್ಲ. ಹೆತ್ತವಳು ಹೇಳ್ತಿದ್ದೀನಿ" ಎಂದು ಹೇಳಿ, ಮಗಳ ಕೈ ಹಿಡಿದುಕೊಂಡು ಕೂತಳು.